ಅಮೆರಿಕದ ಚುನಾವಣೆಗೂ ನಿಮ್ಮ ವಾರ್ಡಿನ ಫಿಲಿಪಿನೋ ನರ್ಸ್‌ಗಳಿಗೂ ಏನು ಸಂಬಂಧ

ನಮಸ್ಕಾರ. ಪುತ್ತೂರಿನಿಂದ ದೋಹಾಕ್ಕೆ ಬಂದು ನಾಲ್ಕು ತಿಂಗಳಾಯಿತು, ವಾರ್ಡಿನಲ್ಲಿ ಅರ್ಧಕ್ಕರ್ಧ ಫಿಲಿಪಿನೋ ನರ್ಸ್‌ಗಳು, ಅಮೆರಿಕದ ಅಧ್ಯಕ್ಷರ ಸುದ್ದಿ ಬಂತೆಂದರೆ ಊಟದ ಹೊತ್ತಿನಲ್ಲಿ ಅವರದ್ದು ಅದೊಂದೇ ಮಾತು ಎಂದು ಬರೆದಿದ್ದೀರಿ. "ಅಕ್ಕಾ, ಆ ದೇಶವೂ ಅವರದ್ದಲ್ಲ, ಓಟೂ ಅವರದ್ದಲ್ಲ. ಮತ್ತೆ ಯಾಕೆ ಇಷ್ಟು ತಲೆಬಿಸಿ? ನಾನೂ ಅಮೆರಿಕದ ಆಸೆ ಬಿಡಬೇಕಾ?" ಎಂದು ಕೇಳಿದ್ದೀರಿ. ತಮ್ಮ ಹಡಗಿನಲ್ಲಿದ್ದಾನೆ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಅವರ ತಲೆಬಿಸಿಗೆ ಕಾರಣ ಇದೆ. ಫಿಲಿಪ್ಪೀನ್ಸಿಗೆ 2024ರಲ್ಲಿ ಹೊರದೇಶದ ದುಡಿಮೆಯಿಂದ ಬ್ಯಾಂಕುಗಳ ಮೂಲಕ ಬಂದ ಹಣ 3,449 ಕೋಟಿ ಡಾಲರ್. ಅದರಲ್ಲಿ ಶೇ 40ಕ್ಕಿಂತ ಹೆಚ್ಚು ಅಮೆರಿಕದ ಲೆಕ್ಕದಲ್ಲಿದೆ. ಈ ಅಂಕಿಯನ್ನು ಇಡಿಯಾಗಿ ನಂಬಬಾರದು: ಗಲ್ಫ್‌ನ ಎಕ್ಸ್‌ಚೇಂಜಿನಲ್ಲಿ ಕಟ್ಟಿದ ಹಣ ಅಮೆರಿಕದ ಬ್ಯಾಂಕೊಂದರ ಮೂಲಕ ಹಾದು ಮನಿಲಾ ತಲುಪಿದರೆ ಅದೂ ಅಮೆರಿಕದ್ದೆಂದೇ ದಾಖಲಾಗುತ್ತದೆ, ಅವರ ಕೇಂದ್ರ ಬ್ಯಾಂಕೇ ಇದನ್ನು ಹೇಳುತ್ತದೆ. ಜನ ಎಲ್ಲಿದ್ದಾರೆ ಎಂದು ನೋಡಿದರೆ ಚಿತ್ರ ಬೇರೆ. 2023ರ ಅವರ ಸರ್ಕಾರಿ ಸಮೀಕ್ಷೆಯಲ್ಲಿ ಹೊರದೇಶದ ಕೆಲಸಗಾರರು ಸುಮಾರು 21.6 ಲಕ್ಷ, ಐವರಲ್ಲಿ ಒಬ್ಬರು ಸೌದಿಯಲ್ಲಿ. ಅಮೆರಿಕದಲ್ಲಿ ನೆಲೆ ನಿಂತ ಫಿಲಿಪಿನೋ ಮೂಲದ 40 ಲಕ್ಷಕ್ಕೂ ಹೆಚ್ಚು ಮಂದಿ ಈ ಎಣಿಕೆಗೆ ಬರುವುದಿಲ್ಲ, ಅವರಲ್ಲಿ ಹೆಚ್ಚಿನವರು ಈಗ ಅಲ್ಲಿನ ಪ್ರಜೆಗಳೇ. ಅಂದರೆ ಒಂದೇ ಮನೆಯ ಅಕ್ಕ ಕ್ಯಾಲಿಫೋರ್ನಿಯಾದಲ್ಲಿ, ತಂಗಿ ದೋಹಾದಲ್ಲಿ, ಅಣ್ಣ ಹಡಗಿನಲ್ಲಿ. ವಾಷಿಂಗ್ಟನ್ನಿನಲ್ಲಿ ಒಂದು ಸಹಿ ಬಿದ್ದರೆ ಮೂವರಿಗೂ ಮೂರು ರೀತಿಯಲ್ಲಿ ತಾಗುತ್ತದೆ.

ಹೇಗೆ ತಾಗುತ್ತದೆ ಎಂಬುದನ್ನು ಬಿಡಿಸಿ ನೋಡದಿದ್ದರೆ ಸುಮ್ಮನೆ ಗಾಬರಿಯಾಗುತ್ತದೆ. ಅಲ್ಲಿನ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ನವೆಂಬರಿನ ಮೊದಲ ಸೋಮವಾರದ ಮರುದಿನ. ಮುಂದಿನದ್ದು 2028ರ ನವೆಂಬರ್ 7ಕ್ಕೆ. ಗೆದ್ದವರು ಅಧಿಕಾರಕ್ಕೆ ಬರುವುದು ಜನವರಿ 20ಕ್ಕೆ. ಆ ದಿನವೇ ಬದಲಾಗುವ ಸಂಗತಿಗಳು ಕೆಲವು, ಸಂಸತ್ತು ಒಪ್ಪಿದರೆ ಮಾತ್ರ ಬದಲಾಗುವಂಥವು ಕೆಲವು, ಯಾರು ಗೆದ್ದರೂ ಅಲ್ಲಾಡದವು ಕೆಲವು. ಸುದ್ದಿ ಬಂದಾಗ ಇದು ಯಾವ ಬಗೆಯದ್ದು ಎಂದು ಮೊದಲು ಕೇಳಿಕೊಳ್ಳಿ.

ಅಧ್ಯಕ್ಷರ ಕೈಯಲ್ಲಿರುವ ದೊಡ್ಡ ಅಸ್ತ್ರ ವಲಸೆ ಕಾಯ್ದೆಯ 212(ಎಫ್) ಕಲಂ. ದೇಶದ ಹಿತಕ್ಕೆ ಧಕ್ಕೆ ಎಂದು ಕಂಡರೆ ಯಾವುದೇ ವರ್ಗದ ವಿದೇಶಿಯರ ಪ್ರವೇಶವನ್ನು ಘೋಷಣೆಯೊಂದರಿಂದ ತಡೆಯಬಹುದು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಎತ್ತಿಹಿಡಿಯಿತು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್ 22ರಂದು, ಇದೇ ಕಲಂ ಬಳಸಿ ವಲಸೆ ವೀಸಾಗಳನ್ನು ನಿಲ್ಲಿಸಿದರು. ಆ ಆದೇಶದಲ್ಲೇ ನರ್ಸ್‌ಗಳಿಗೂ ವೈದ್ಯರಿಗೂ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 19ರಂದು ಹೊರದೇಶದಲ್ಲಿರುವವರ ಹೊಸ ಎಚ್-1ಬಿ (ಪರಿಣತ ಕೆಲಸದ ತಾತ್ಕಾಲಿಕ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಎಂದು ಘೋಷಿಸಿದ್ದೂ ಇದೇ ಬಲದಿಂದ. ಅದು ಬೆಂಗಳೂರಿನ ಐಟಿ ಹುಡುಗರಿಗೆ ಹೊಡೆತ, ಆಸ್ಪತ್ರೆಗೆ ಬರುವ ವೈದ್ಯರಿಗೂ ಕಷ್ಟ. ವಾರ್ಡ್ ನರ್ಸ್‌ಗಳು ಬರುವ ದಾರಿ ಹೆಚ್ಚಾಗಿ ಅದಲ್ಲ.

ನರ್ಸ್‌ಗಳ ದಾರಿ ಇಬಿ-3 ಗ್ರೀನ್ ಕಾರ್ಡ್, ಅಂದರೆ ಕೆಲಸದ ಆಧಾರದ ಮೇಲೆ ಸಿಗುವ ಕಾಯಂ ವಾಸದ ಪರವಾನಗಿ. ಇಲ್ಲಿ ಯಾವ ಅಧ್ಯಕ್ಷರೂ ಮುಟ್ಟಲಾಗದ ಗೋಡೆಯೊಂದಿದೆ, ನಿಮ್ಮ ಯೋಜನೆ ನಿಲ್ಲುವುದೂ ಬೀಳುವುದೂ ಅದರ ಮೇಲೆ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಗಂಡ ಹೆಂಡತಿ ಮಕ್ಕಳನ್ನೂ ಎಣಿಸಿ. ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ 7. ಇದು 1990ರ ಕಾಯ್ದೆ. ತಿದ್ದಲು ಸಂಸತ್ತೇ ಬೇಕು, ಈವರೆಗೆ ಅದು ಆಗಿಲ್ಲ. ನರ್ಸ್‌ಗಳು 'ಷೆಡ್ಯೂಲ್ ಎ' ಪಟ್ಟಿಯಲ್ಲಿರುವುದರಿಂದ ಆಸ್ಪತ್ರೆ ಲೇಬರ್ ಸರ್ಟಿಫಿಕೇಟಿಗೆ (ಸ್ಥಳೀಯರು ಸಿಗುತ್ತಿಲ್ಲ ಎಂಬ ದೃಢೀಕರಣಕ್ಕೆ) ಅಲೆಯಬೇಕಿಲ್ಲ, ನಿಮ್ಮ ಪರವಾಗಿ ಐ-140 ಎಂಬ ಗ್ರೀನ್ ಕಾರ್ಡ್ ಅರ್ಜಿಯನ್ನು ನೇರವಾಗಿ ಹಾಕುತ್ತದೆ. ಆ ಅರ್ಜಿ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಟೋಕನ್. ಯಾವ ದಿನಾಂಕದ ಟೋಕನ್‌ವರೆಗೆ ಸರದಿ ಬಂದಿದೆ ಎಂದು ಹೇಳುವ, ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ಭಾರತಕ್ಕೂ ಫಿಲಿಪ್ಪೀನ್ಸಿಗೂ ಬೇರೆ ಬೇರೆ ಕಾಲಂ. 2025ರ ಕೊನೆಯ ಹೊತ್ತಿಗೆ ಇಬಿ-3ರಲ್ಲಿ ಫಿಲಿಪ್ಪೀನ್ಸಿನ ಕಾಲಂನಲ್ಲಿದ್ದ ವರ್ಷ 2023, ಭಾರತದ ಕಾಲಂನಲ್ಲಿ 2013. ಒಂದೇ ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಪಾಸು ಮಾಡಿ ಒಂದೇ ಆಸ್ಪತ್ರೆಯಿಂದ ಆಫರ್ ಪಡೆದ ಇಬ್ಬರು ನರ್ಸ್‌ಗಳ ನಡುವೆ ಹತ್ತು ವರ್ಷದ ಅಂತರ. ನಿಮ್ಮ ಫಿಲಿಪಿನೋ ಗೆಳತಿಯರು ಚುನಾವಣೆಯನ್ನು ಅಷ್ಟು ಹತ್ತಿರದಿಂದ ನೋಡುವುದು ಇದಕ್ಕೇ. ಎರಡು ಮೂರು ವರ್ಷದ ಸಾಲಿನಲ್ಲಿ ನಿಂತವರಿಗೆ ಒಬ್ಬ ಅಧ್ಯಕ್ಷರ ಅವಧಿ ಎಂದರೆ ಇಡೀ ಸಾಲು. ನಿಮ್ಮ ಸಾಲಿನಲ್ಲಾದರೆ ಮೂವರು ಅಧ್ಯಕ್ಷರು ಬಂದುಹೋಗಬಹುದು.

ಇಲ್ಲೊಂದು ವಿಷಯವನ್ನು ನಮ್ಮ ಕರಾವಳಿಯವರು ಗಮನಿಸಲೇಬೇಕು. ಯಾವ ಕಾಲಂ ಎಂದು ನಿರ್ಧರಿಸುವುದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ಜಾಗ. ಅಪ್ಪ ಕುವೈತಿನಲ್ಲಿ ದುಡಿಯುತ್ತಿದ್ದಾಗ ಅಲ್ಲೇ ಹುಟ್ಟಿ ಮಂಗಳೂರಿನಲ್ಲಿ ಓದಿದ ನರ್ಸ್, ಭಾರತದ ಪಾಸ್‌ಪೋರ್ಟ್ ಇದ್ದರೂ, ಕುವೈತಿನ ಲೆಕ್ಕಕ್ಕೆ, ಅಂದರೆ 'ಉಳಿದ ದೇಶಗಳ' ಕಾಲಂಗೆ ಸೇರುತ್ತಾಳೆ. ಗಂಡ ಅಂಥ ಕಡೆ ಹುಟ್ಟಿದ್ದರೆ, ಇಬ್ಬರೂ ಜೊತೆಯಲ್ಲಿ ವಲಸೆ ಹೋಗುವುದಾದರೆ, ಅವನ ಹುಟ್ಟೂರಿನ ಲೆಕ್ಕವನ್ನು ಹೆಂಡತಿಯೂ ಬಳಸಬಹುದು. ಏಜೆಂಟರು ಇದನ್ನು ಕೇಳುವುದೇ ಇಲ್ಲ, ಪಾಸ್‌ಪೋರ್ಟ್ ನೋಡಿ 'ಇಂಡಿಯಾ' ಎಂದು ಬರೆದುಬಿಡುತ್ತಾರೆ. ಜನನ ಪ್ರಮಾಣಪತ್ರ ತೆಗೆದು ನೋಡಿ. ಹುಟ್ಟಿದ್ದು ಪುತ್ತೂರಿನಲ್ಲೇ ಆದರೆ ಅಮೆರಿಕವನ್ನು ಎರಡನೇ ದಾರಿಯಾಗಿ ಇಟ್ಟುಕೊಂಡು ಮೊದಲ ದಾರಿ ಬೇರೆ ಹುಡುಕುವುದು ಒಳ್ಳೆಯದು. ಆದರೆ ಟೋಕನ್ ಮಾತ್ರ ಆದಷ್ಟು ಬೇಗ ತೆಗೆದುಕೊಳ್ಳಿ. ಐ-140 ಮಂಜೂರಾದ ಮೇಲೆ ಆಸ್ಪತ್ರೆ ಬದಲಾದರೂ, ಮೋಸದ ಕಾರಣಕ್ಕೆ ರದ್ದಾಗದಿದ್ದರೆ, ಆ ದಿನಾಂಕ ಸಾಮಾನ್ಯವಾಗಿ ನಿಮ್ಮದಾಗಿಯೇ ಉಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. ಆಗಸ್ಟ್ ಸೆಪ್ಟೆಂಬರಿನಲ್ಲಿ 'ವೀಸಾ ನಿಂತುಹೋಯಿತು' ಎಂಬ ಸುದ್ದಿ ಬರುತ್ತದೆ, ಎಲ್ಲರೂ ಅಧ್ಯಕ್ಷರನ್ನು ಬೈಯುತ್ತಾರೆ. ಅಲ್ಲಿನ ಸರ್ಕಾರಿ ವರ್ಷ ಅಕ್ಟೋಬರ್ 1ಕ್ಕೆ ಶುರು, ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಆ ವರ್ಷದ ನಂಬರುಗಳು ಮುಗಿದರೆ ಅಕ್ಟೋಬರ್‌ವರೆಗೆ ಬಾಗಿಲು ಮುಚ್ಚಿರುತ್ತದೆ. ಅದಕ್ಕೂ ಚುನಾವಣೆಗೂ ಸಂಬಂಧವಿಲ್ಲ. ಚುನಾವಣೆಯಿಂದ ನಿಜವಾಗಿ ಬದಲಾಗುವುದು ಸಂದರ್ಶನದ ನಿಯಮ, ತಪಾಸಣೆಯ ಬಿಗಿ, ಶುಲ್ಕ. ಉದಾಹರಣೆಗೆ 2025ರ ನವೆಂಬರಿನಿಂದ ವಲಸೆ ವೀಸಾದ ಸಂದರ್ಶನ ವಾಸವಿರುವ ದೇಶದಲ್ಲಿ ಇಲ್ಲವೇ ಸ್ವಂತ ದೇಶದಲ್ಲಿ ಮಾತ್ರ. ದೋಹಾದಲ್ಲಿ ನಿಮ್ಮ ಕ್ಯೂಐಡಿ (ಕತಾರಿನ ನಿವಾಸಿ ಗುರುತಿನ ಚೀಟಿ) ಜೀವಂತವಿದ್ದರೆ ಅಲ್ಲೇ ಆಗಬಹುದು. ಕೆಲಸ ಬಿಟ್ಟು ಊರಿಗೆ ಬಂದರೆ ಫೈಲು ಮುಂಬೈಗೆ ಹೋಗುತ್ತದೆ, ಆ ವರ್ಗಾವಣೆಯಲ್ಲೇ ತಿಂಗಳುಗಳು ಕಳೆಯುತ್ತವೆ.

ಕಾಗದಗಳ ಬಗ್ಗೆ ಎರಡೇ ಮಾತು. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಕರ್ನಾಟಕ ನರ್ಸಿಂಗ್ ಕೌನ್ಸಿಲಿನ ನೋಂದಣಿ ದೃಢೀಕರಣ ಎರಡೂ ಸಂಸ್ಥೆಯಿಂದಲೇ ನೇರವಾಗಿ ಮೌಲ್ಯಮಾಪನ ಮಾಡುವವರಿಗೆ ಹೋಗಬೇಕು, ನಿಮ್ಮ ಕೈಯಿಂದ ಹೋದರೆ ಒಪ್ಪುವುದಿಲ್ಲ. ಇನ್ನು, ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಪ್ರಮಾಣಪತ್ರ ಕೇಳುತ್ತಾರೆ. ಕತಾರಿನದ್ದನ್ನು ಕತಾರ್ ಬಿಡುವ ಮೊದಲೇ ಮಾಡಿಸಿಕೊಳ್ಳಿ. ಊರಿಗೆ ಹೋದ ಮೇಲೆ ಬೆರಳಚ್ಚು, ಅಟೆಸ್ಟೇಶನ್ ಎಂದು ಅದೇ ಕೆಲಸಕ್ಕೆ ನಾಲ್ಕು ಪಟ್ಟು ಓಡಾಟ.

ಈಗ, ಅಮೆರಿಕದೊಳಗೇ ಇರುವ ಫಿಲಿಪಿನೋಗಳ ವಿಷಯ. ಅವರ ಭಾಷೆಯಲ್ಲಿ 'ಟಿಎನ್‌ಟಿ' ಎಂಬ ಮಾತಿದೆ, 'ತಾಗೊ ನಾಂಗ್ ತಾಗೊ', ಅಂದರೆ ಅಡಗುತ್ತಲೇ ಇರುವುದು. ಕಾಗದವಿಲ್ಲದೆ ಉಳಿದವರಿಗೆ ಆ ಹೆಸರು. 2024ರ ನವೆಂಬರಿನಲ್ಲಿ ಫಲಿತಾಂಶ ಬಂದ ಕೂಡಲೇ ವಾಷಿಂಗ್ಟನ್ನಿನ ಫಿಲಿಪ್ಪೀನ್ಸ್ ರಾಯಭಾರಿ ಹೋಸೆ ಮಾನುಯೆಲ್ ರೊಮುವಾಲ್ದೆಜ್, ಇಂಥವರು ಗಡೀಪಾರಾಗುವವರೆಗೆ ಕಾಯದೆ ತಾವಾಗಿ ಹೊರಡುವುದು ಒಳ್ಳೆಯದು ಎಂದರು. ಅವರ ಅಂದಾಜಿನಲ್ಲಿ ಎರಡೂವರೆಯಿಂದ ಮೂರು ಲಕ್ಷ ಮಂದಿ. ಆ ಮಾತು ಕಠೋರವೆಂದು ಹಲವರಿಗೆ ನೋವಾಯಿತು. ಆದರೆ ಅದರ ಹಿಂದೆ ಒಂದು ಲೆಕ್ಕವಿದೆ: ಅವಧಿ ಮುಗಿದ ಮೇಲೆ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟರೆ ಮೂರು ವರ್ಷ ಮರಳಿ ಬರುವಂತಿಲ್ಲ, ಒಂದು ವರ್ಷ ದಾಟಿದರೆ ಹತ್ತು ವರ್ಷ. ಅವಧಿ ತಪ್ಪಿದ್ದು ಗೊತ್ತಾದ ದಿನವೇ ವಕೀಲರನ್ನು ನೋಡುವುದು ಅದಕ್ಕೇ. ಅವರ ದೇಶ ಇದರ ಬೆಲೆಯನ್ನು ಒಮ್ಮೆ ಒಟ್ಟಾಗಿಯೇ ತೆತ್ತಿದೆ. 2019ರ ಜನವರಿಯಲ್ಲಿ ಹೊಲ, ಹೋಟೆಲ್, ಕಟ್ಟಡಗಳ ತಾತ್ಕಾಲಿಕ ಕೆಲಸದ ಎಚ್-2 ವೀಸಾ ಪಟ್ಟಿಯಿಂದ ಫಿಲಿಪ್ಪೀನ್ಸನ್ನೇ ತೆಗೆದುಹಾಕಿದರು. ಎಚ್-2ಬಿಯಲ್ಲಿ ಬಂದವರಲ್ಲಿ ಶೇ 40ರಷ್ಟು ಮಂದಿ ಅವಧಿ ಮೀರಿ ಉಳಿದರು ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ತಪ್ಪು ಮಾಡದವರ ಬಾಗಿಲೂ ಮುಚ್ಚಿತು.

ಗ್ರೀನ್ ಕಾರ್ಡ್ ಕೈಗೆ ಬಂದವರಿಗೂ ಒಂದು ಹೊಂಡವಿದೆ. ಚುನಾವಣೆಯ ಮಾತು ಬಂದಿರುವುದರಿಂದ ಇಲ್ಲೇ ಹೇಳುತ್ತೇನೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಅರ್ಜಿಯ ಜೊತೆಗೇ 'ಮತದಾರರಾಗಿ ನೋಂದಾಯಿಸಬೇಕೇ' ಎಂದು ಕೇಳುತ್ತಾರೆ, ಚೌಕದಲ್ಲಿ ಒಂದು ಟಿಕ್. ಗುಮಾಸ್ತರು ಎಲ್ಲರನ್ನೂ ಕೇಳುತ್ತಾರೆ, ಹೊಸಬರು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಇಲಿನಾಯ್ ರಾಜ್ಯದಲ್ಲಿ ಅಮೆರಿಕನ್ನನನ್ನು ಮದುವೆಯಾಗಿ ಬಂದ ಫಿಲಿಪಿನೋ ಮಹಿಳೆಯೊಬ್ಬರಿಗೆ ಹೀಗೆಯೇ ಆಯಿತು. ಫಿಲಿಪ್ಪೀನ್ಸ್ ಪಾಸ್‌ಪೋರ್ಟ್ ತೋರಿಸಿಯೇ ಲೈಸೆನ್ಸಿಗೆ ಅರ್ಜಿ ಹಾಕಿದರು, ಮತದಾರರ ಕಾರ್ಡ್ ಮನೆಗೆ ಬಂತು, ಬಂದಿದೆಯಲ್ಲ ಎಂದು 2006ರಲ್ಲಿ ಹೋಗಿ ಓಟು ಹಾಕಿದರು. ಅದಕ್ಕೇ ಗಡೀಪಾರಿನ ಆದೇಶವಾಯಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆಗೆ ಕಳಿಸುವವರೆಗೆ ಅವರ ಬದುಕು ತೂಗುಯ್ಯಾಲೆ. ಪ್ರಜೆಯಾಗದವರು ರಾಷ್ಟ್ರೀಯ ಚುನಾವಣೆಯಲ್ಲಿ ಓಟು ಹಾಕುವುದು ಅಪರಾಧ, ಯಾವ ಪಕ್ಷದ ಸರ್ಕಾರ ಇದ್ದರೂ ಅಪರಾಧವೇ. ಆ ಚೌಕವನ್ನು ಖಾಲಿ ಬಿಡಿ, ಬಾಯಲ್ಲಿ ಕೇಳಿದರೆ "ನಾನು ಸಿಟಿಜನ್ ಅಲ್ಲ" ಎಂದು ಹೇಳಿ, ಮನೆಗೆ ಕಾರ್ಡ್ ಬಂದರೂ ಬಳಸಬೇಡಿ, ರದ್ದು ಮಾಡಿಸಿ. ವಿಳಾಸ ಬದಲಾದರೆ ಹತ್ತು ದಿನದೊಳಗೆ ತಿಳಿಸಬೇಕು, ಗ್ರೀನ್ ಕಾರ್ಡ್ ಸದಾ ಜೊತೆಯಲ್ಲಿರಬೇಕು. ಇವೆಲ್ಲ ಹಳೆಯ ನಿಯಮಗಳೇ. ಸರ್ಕಾರ ಬದಲಾದಾಗ ಬದಲಾಗುವುದು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆ ಎಂಬುದು. ಹಾಗಾಗಿ ಎಂದೋ ಮುಗಿದ ಕೇಸು ಇದ್ದವರು ವಕೀಲರನ್ನು ಕೇಳದೆ ವಿದೇಶ ಪ್ರಯಾಣ ಮಾಡಬಾರದು. ಮರಳುವಾಗ ವಿಮಾನ ನಿಲ್ದಾಣದಲ್ಲೇ ಹಳೆಯ ಫೈಲು ತೆರೆಯುತ್ತದೆ.

ಊರಿಗೆ ಕಳಿಸುವ ಹಣದ ಮೇಲೆ ತೆರಿಗೆ ಎಂಬ ಗಾಳಿಮಾತು ನಿಮಗೂ ಬಂದಿರಬೇಕು. ಅದು ಹೀಗೆ: 2025ರಲ್ಲಿ ಮೊದಲು ಶೇ 5 ಎಂಬ ಪ್ರಸ್ತಾವ, ಆಮೇಲೆ 3.5, ಕೊನೆಗೆ ಜುಲೈ 4ರಂದು ಸಹಿಯಾದ ಕಾಯ್ದೆಯಲ್ಲಿ ಶೇ 1. ಜಾರಿ 2026ರ ಜನವರಿ 1ರಿಂದ. ಕೌಂಟರಿನಲ್ಲಿ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸಿದರೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದ ಹೋದರೆ ತೆರಿಗೆ ಇಲ್ಲ. 500 ಡಾಲರ್ ನಗದಿಗೆ 5 ಡಾಲರ್. ಮೊತ್ತ ಸಣ್ಣದು. ಆದರೆ ಬೀಳುವುದು ಯಾರ ಮೇಲೆ ನೋಡಿ: ಬ್ಯಾಂಕ್ ಖಾತೆ ತೆರೆಯಲಾಗದೆ ಸಂಬಳದ ನೋಟನ್ನೇ ಒಯ್ದು ಕೊಡುವ, ಮನೆಗೆಲಸದ ಹೆಂಗಸರ ಮೇಲೆ. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. ನಿಮಗೆ ದೋಹಾದಲ್ಲಿ ಇದು ಅನ್ವಯಿಸುವುದೇ ಇಲ್ಲ. ನಿಮಗೆ ತಾಗುವುದು ಡಾಲರಿನ ಏರಿಳಿತ. ಕತಾರಿ ರಿಯಾಲ್ 3.64ಕ್ಕೆ ಒಂದು ಡಾಲರ್ ಎಂದು ಕಟ್ಟಿಹಾಕಿದೆ, ಡಾಲರ್ ಏರಿದರೆ ನಿಮ್ಮ ಸಂಬಳವೂ ಏರಿದಂತೆ. 2024ರ ಚುನಾವಣೆಯ ಬೆನ್ನಿಗೇ ಫಿಲಿಪ್ಪೀನ್ಸಿನ ಪೆಸೊ ಡಾಲರಿಗೆ 59ಕ್ಕೆ ಕುಸಿಯಿತು, 2025ರ ಡಿಸೆಂಬರಿನಲ್ಲಿ ರೂಪಾಯಿ 90 ದಾಟಿತು. ಮನೆಗೆ ನೋಟು ಹೆಚ್ಚು ಸಿಕ್ಕಿತು ಎಂದು ಹಿಗ್ಗುವ ಮೊದಲು ಅಡುಗೆ ಎಣ್ಣೆ, ಪೆಟ್ರೋಲಿನ ಬೆಲೆಯನ್ನೂ ನೋಡಬೇಕು. ಎರಡೂ ದೇಶಗಳು ತೈಲವನ್ನು ಹೊರಗಿನಿಂದ ಡಾಲರ್ ಕೊಟ್ಟು ತರುವವೇ. ರೂಪಾಯಿ ಇನ್ನೂ ಬೀಳಲಿ ಎಂದು ಹಣ ಹಿಡಿದಿಟ್ಟುಕೊಂಡು ಸಾಲದ ಕಂತು ತಪ್ಪಿಸಬೇಡಿ. ಕಂತಿನ ಬಡ್ಡಿ ಆ ಲಾಭವನ್ನು ತಿಂದುಬಿಡುತ್ತದೆ.

ಫಿಲಿಪ್ಪೀನ್ಸಿನ ಕಾಲ್ ಸೆಂಟರು, ಹೊರಗುತ್ತಿಗೆಯ ಕಚೇರಿಗಳಲ್ಲಿ ಸುಮಾರು 18 ಲಕ್ಷ ಮಂದಿ ದುಡಿಯುತ್ತಾರೆ, ದೊಡ್ಡ ಗಿರಾಕಿ ಅಮೆರಿಕ. ಹೊರಗುತ್ತಿಗೆಯ ಪಾವತಿಗೆ ಶೇ 25 ತೆರಿಗೆ ಹಾಕುವ ಮಸೂದೆ 2025ರ ಸೆಪ್ಟೆಂಬರಿನಲ್ಲಿ ಸೆನೆಟ್ಟಿನಲ್ಲಿ ಮಂಡನೆಯಾದಾಗ ಬೆಂಗಳೂರಿಗೂ ಮನಿಲಾಕ್ಕೂ ಒಟ್ಟಿಗೇ ನಡುಕ ಹುಟ್ಟಿತು. ಮಸೂದೆ ಮಂಡನೆಯಾಗುವುದು ಬೇರೆ, ಕಾಯ್ದೆಯಾಗುವುದು ಬೇರೆ. ಅದನ್ನು ಇಷ್ಟಕ್ಕೇ ಬಿಡೋಣ.

ಈಗ ಸಮುದ್ರದ ಮಾತು. ವೀಸಾ ತಪ್ಪಿದರೆ ವರ್ಷ ಹೋಗುತ್ತದೆ, ಇಲ್ಲಿ ಜೀವವೇ ಹೋಗುತ್ತದೆ. ಜಗತ್ತಿನ ನಾವಿಕರಲ್ಲಿ ಫಿಲಿಪಿನೋಗಳದ್ದು ಅತಿ ದೊಡ್ಡ ಪಾಲುಗಳಲ್ಲಿ ಒಂದು, ಭಾರತೀಯರೂ ಬಹಳ ಹಿಂದಿಲ್ಲ. ವಾಷಿಂಗ್ಟನ್ನಿನ ನಿರ್ಧಾರ ಹಡಗಿನ ಡೆಕ್ಕಿಗೆ ಹೇಗೆ ಬಂದು ಬೀಳುತ್ತದೆ ನೋಡಿ. 2016ರಲ್ಲಿ ಗೆದ್ದ ಅಧ್ಯಕ್ಷರು 2018ರ ಮೇ 8ರಂದು ಇರಾನ್ ಅಣು ಒಪ್ಪಂದದಿಂದ ಹೊರಬಂದರು. 2019ರ ಜೂನ್ 13ರಂದು ಓಮನ್ ಕೊಲ್ಲಿಯಲ್ಲಿ ಎರಡು ಟ್ಯಾಂಕರುಗಳ ಮೇಲೆ ದಾಳಿಯಾಯಿತು. ಒಂದರಲ್ಲಿದ್ದ 21 ಮಂದಿಯೂ ಫಿಲಿಪಿನೋಗಳು, ಇನ್ನೊಂದರಲ್ಲಿ 11. ಮರುತಿಂಗಳು ಹೊರ್ಮುಜ್ ಜಲಸಂಧಿಯಲ್ಲಿ ಇರಾನ್ ಹಿಡಿದಿಟ್ಟ ಸ್ಟೆನಾ ಇಂಪೆರೋ ಹಡಗಿನ 23 ಮಂದಿಯಲ್ಲಿ 18 ಮಂದಿ ಭಾರತೀಯರು. 2020ರ ಜನವರಿ 3ರಂದು ಬಾಗ್ದಾದಿನಲ್ಲಿ ಇರಾನಿನ ಸೇನಾನಿ ಸುಲೇಮಾನಿಯನ್ನು ಅಮೆರಿಕ ಕೊಂದಿತು, ಐದೇ ದಿನಕ್ಕೆ ಮನಿಲಾ ಇರಾಕಿನಿಂದ ತನ್ನವರೆಲ್ಲ ಹೊರಡಬೇಕೆಂದು ಆದೇಶಿಸಿತು.

ಕೆಂಪು ಸಮುದ್ರದ ಕತೆ ಇನ್ನೂ ಹತ್ತಿರದ್ದು. ಗ್ಯಾಲಕ್ಸಿ ಲೀಡರ್ ಹಡಗನ್ನು ಯೆಮೆನಿನ ಸಶಸ್ತ್ರ ಗುಂಪಾದ ಹೌತಿಗಳು 2023ರ ನವೆಂಬರ್ 19ರಂದು ಅಪಹರಿಸಿದರು. ಇದ್ದ 25 ಮಂದಿಯಲ್ಲಿ 17 ಫಿಲಿಪಿನೋಗಳು. ಅವರು ಬಿಡುಗಡೆಯಾದದ್ದು 2025ರ ಜನವರಿ 22ಕ್ಕೆ, ಗಾಜಾ ಕದನವಿರಾಮ ಶುರುವಾಗಿ ಮೂರು ದಿನಕ್ಕೆ, ಹೊಸ ಅಧ್ಯಕ್ಷರು ಬಂದು ಎರಡು ದಿನಕ್ಕೆ. ಮಾರ್ಚಿನಿಂದ ಅಮೆರಿಕ ಯೆಮೆನ್ ಮೇಲೆ ಬಾಂಬು ಹಾಕಿತು, ಮೇ 6ಕ್ಕೆ ಹೌತಿಗಳ ಜೊತೆ ಒಪ್ಪಂದವಾಯಿತು. ಅದು ಅಮೆರಿಕದ ಹಡಗುಗಳಿಗಷ್ಟೇ ರಕ್ಷಣೆ ಕೊಟ್ಟಿತು. ಜುಲೈಯಲ್ಲಿ ಎಟರ್ನಿಟಿ ಸಿ ಎಂಬ ಹಡಗನ್ನು ಮುಳುಗಿಸಿದರು. ಸಿಬ್ಬಂದಿ 22 ಮಂದಿ, 21 ಫಿಲಿಪಿನೋಗಳು, ಜೊತೆಗೆ ಕಾವಲುಗಾರರು. ಕೆಲವರು ಸತ್ತರು, ಕೆಲವರು ತಿಂಗಳುಗಟ್ಟಲೆ ಸೆರೆಯಲ್ಲಿದ್ದರು, ನೀರಿನಿಂದ ಎತ್ತಿದವರಲ್ಲಿ ಒಬ್ಬ ಭಾರತೀಯ ಕಾವಲುಗಾರನೂ ಇದ್ದ. ದೊಡ್ಡ ದೇಶ ಶಾಂತಿ ಮಾಡಿಕೊಂಡಿತು ಎಂಬ ಸುದ್ದಿ ಬಂದಾಗ ಆ ಶಾಂತಿಯಲ್ಲಿ ನಮ್ಮ ಹುಡುಗರ ಹಡಗು ಸೇರಿದೆಯೇ ಎಂದು ಕೇಳಬೇಕು.

ನಿಮ್ಮ ತಮ್ಮನಿಗೆ ಹೇಳಿ: ಹಡಗಿನ ಒಪ್ಪಂದ ಐಬಿಎಫ್ (ನಾವಿಕರ ಸಂಘಗಳೂ ಹಡಗಿನ ಮಾಲೀಕರೂ ಕೂತು ಒಪ್ಪಂದ ಮಾಡಿಕೊಳ್ಳುವ ಅಂತರರಾಷ್ಟ್ರೀಯ ವೇದಿಕೆ) ಅಡಿಯಲ್ಲಿದೆಯೇ ಎಂದು ಸಹಿ ಹಾಕುವ ಮೊದಲು ಕೇಳಲಿ. ಇದ್ದರೆ, ಯುದ್ಧಸದೃಶ ಎಂದು ಗುರುತಿಸಿದ ಪ್ರದೇಶಕ್ಕೆ ಬರುವುದಿಲ್ಲ ಎನ್ನುವ ಹಕ್ಕು ಅವನಿಗಿದೆ. ಕಂಪನಿಯೇ ಖರ್ಚು ಹಾಕಿ ಮನೆಗೆ ಕಳಿಸಬೇಕು, ಎರಡು ತಿಂಗಳ ಮೂಲವೇತನ ಪರಿಹಾರ ಕೊಡಬೇಕು. ಹೋಗಲು ಒಪ್ಪಿದರೆ ಆ ದಿನಗಳಿಗೆ ಮೂಲವೇತನದಷ್ಟೇ ಬೋನಸ್, ಸಾವು ಅಥವಾ ಅಂಗವೈಕಲ್ಯಕ್ಕೆ ದುಪ್ಪಟ್ಟು ಪರಿಹಾರ. ಹಕ್ಕಿದ್ದರೂ ಬಳಸುವವರು ಕಡಿಮೆ. ಇಲ್ಲ ಎಂದರೆ ಮುಂದಿನ ಕಾಂಟ್ರಾಕ್ಟ್ ಸಿಗದು ಎಂಬ ಭಯ. ಆ ನಿರ್ಧಾರವನ್ನು ಬಂದರಿನಲ್ಲಿದ್ದಾಗಲೇ, ಬರಹದಲ್ಲಿ ಹೇಳಬೇಕು, ನಡುಸಮುದ್ರದಲ್ಲಿ ಹೇಳಿದರೆ ಯಾರೂ ಏನೂ ಮಾಡಲಾಗದು. ಹಡಗು ಹತ್ತಿದ ದಿನ ಮೆಸ್ ರೂಮಿನ ಗೋಡೆಯನ್ನೊಮ್ಮೆ ನೋಡಲಿ. ಊರಿಗೆ ಮರಳಿಸುವ ಖರ್ಚು ಮತ್ತು ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ ವಿಮೆ ಇದೆ ಎನ್ನುವ ಪ್ರಮಾಣಪತ್ರ ಅಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು. ಅವಧಿಯ ದಿನಾಂಕ, ವಿಮೆಯವರ ಫೋನ್ ನಂಬರಿನ ಫೋಟೊ ತೆಗೆದು ನಿಮಗೆ ಕಳಿಸಲಿ. ಏಜೆಂಟರ ಆರ್‌ಪಿಎಸ್‌ಎಲ್ (ನಾವಿಕರ ನೇಮಕಾತಿ ಪರವಾನಗಿ) ನಂಬರನ್ನು ಭಾರತ ಸರ್ಕಾರದ ಡಿಜಿ ಶಿಪ್ಪಿಂಗ್ ತಾಣದಲ್ಲಿ ನೋಡಿಯೇ ದುಡ್ಡಿನ ಮಾತು. ಅಮೆರಿಕದ ಬಂದರಿಗೆ ಹೋಗುವ ಹಡಗಾದರೆ ಫೋನಿನ ಬಗ್ಗೆಯೂ ಎಚ್ಚರ ಬೇಕು. 2025ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಪ್ರವಾಸಿ ಹಡಗಿನ ಫಿಲಿಪಿನೋ ಸಿಬ್ಬಂದಿಯನ್ನು ಫೋನಿನಲ್ಲಿ ಕಾನೂನುಬಾಹಿರ ಚಿತ್ರಗಳಿದ್ದವೆಂಬ ಆರೋಪದ ಮೇಲೆ ಇಳಿಸಿ, ವೀಸಾ ರದ್ದು ಮಾಡಿ ಕಳಿಸಿದರು. ಹಲವರ ಮೇಲೆ ಯಾವ ಮೊಕದ್ದಮೆಯೂ ಇರಲಿಲ್ಲ ಎಂದು ಅವರ ಪರ ನಿಂತ ಸಂಘಟನೆಗಳು ಹೇಳಿದವು. ಗುಂಪಿನಲ್ಲಿ ಬಂದದ್ದೆಲ್ಲ ತಾನಾಗಿ ಫೋನಿಗೆ ಇಳಿಯುವ ವಾಟ್ಸಾಪ್ ಸೆಟ್ಟಿಂಗ್ ಆರಿಸಿಡಲಿ.

ನೆಲದ ಮೇಲಿನ ಯುದ್ಧಕ್ಕೆ ಫಿಲಿಪಿನೋಗಳು ನಮಗಿಂತ ಚೆನ್ನಾಗಿ ಸಜ್ಜಾಗಿದ್ದಾರೆ, ಇದನ್ನು ಅವರಿಂದ ಕಲಿಯಬೇಕು. ಅವರ ಸರ್ಕಾರ ದೇಶ ದೇಶಕ್ಕೂ ಒಂದರಿಂದ ನಾಲ್ಕರವರೆಗೆ ಎಚ್ಚರಿಕೆಯ ಮಟ್ಟ ಘೋಷಿಸುತ್ತದೆ: ಒಂದು ಅಂದರೆ ಜಾಗ್ರತೆ, ಎರಡು ಅಂದರೆ ಓಡಾಟಕ್ಕೆ ಮಿತಿ, ಮೂರಕ್ಕೆ ಇಷ್ಟವಿದ್ದವರು ಸರ್ಕಾರದ ಖರ್ಚಿನಲ್ಲಿ ಮರಳಬಹುದು, ನಾಲ್ಕಕ್ಕೆ ಎಲ್ಲರೂ ಹೊರಡಬೇಕು. ಮಟ್ಟ ಏರಿದರೆ ಹೊಸ ಕೆಲಸಗಾರರನ್ನು ಕಳಿಸುವುದೂ ನಿಲ್ಲುತ್ತದೆ. ಎರಡು ವರ್ಷಕ್ಕೆ 25 ಡಾಲರ್ ಕಟ್ಟಿ 'ಒವ್ವಾ' ಎಂಬ ಕಲ್ಯಾಣ ನಿಧಿಯ ಸದಸ್ಯರಾಗಿರುತ್ತಾರೆ. ಹೊರಗಿನ ಮಾಲೀಕ ಸಂಬಳ ಕೊಡದಿದ್ದರೆ ಮನಿಲಾದಲ್ಲಿರುವ ಏಜೆನ್ಸಿಯ ಮೇಲೆಯೇ ದಾವೆ ಹೂಡಬಹುದು, 1995ರ ಅವರ ಕಾಯ್ದೆ ಇಬ್ಬರನ್ನೂ ಸಮಾನ ಹೊಣೆಗಾರರನ್ನಾಗಿ ಮಾಡಿದೆ. ಅವರಿಗೆ ವಿದೇಶದಲ್ಲಿದ್ದೇ ಓಟು ಹಾಕುವ ಹಕ್ಕೂ ಇದೆ. ನಮ್ಮ ಅನಿವಾಸಿಗಳು ಹೆಸರು ನೋಂದಾಯಿಸಿದರೂ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಸರ್ಕಾರಗಳ ಕಾಳಜಿಯಲ್ಲಿ ವ್ಯತ್ಯಾಸ ಇರುವುದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

2025ರ ಜೂನ್ ನೆನಪಿಸಿಕೊಳ್ಳಿ. 13ಕ್ಕೆ ಇಸ್ರೇಲ್ ಇರಾನ್ ಮೇಲೆ ಎರಗಿತು, 22ಕ್ಕೆ ಅಮೆರಿಕ ಬಾಂಬು ಹಾಕಿತು, 23ರ ಸಂಜೆ ಇರಾನಿನ ಕ್ಷಿಪಣಿಗಳು ಬಂದದ್ದು ನೀವೀಗ ಇರುವ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಗೆ. ಕೆಲವು ಗಂಟೆ ಆಕಾಶಮಾರ್ಗವೇ ಮುಚ್ಚಿತ್ತು. ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ಸುಮಾರು 30,000 ಫಿಲಿಪಿನೋಗಳ ಪಕ್ಕದಲ್ಲೇ ಮಂಗಳೂರು ಉಡುಪಿಯ ನಮ್ಮವರೂ ಅದೇ ಕೆಲಸದಲ್ಲಿದ್ದಾರೆ. ಗೌರಿಬಿದನೂರಿನ ಅಲೀಪುರದ ಮಕ್ಕಳು ಇರಾನಿನಲ್ಲಿ ಓದುತ್ತಾರೆ. ಒಂದೇ ಯುದ್ಧದ ಎರಡೂ ಬದಿಯಲ್ಲಿ ಕನ್ನಡದ ಮನೆಗಳು.

ಫಿಲಿಪಿನೋಗಳಿಗೆ ಇನ್ನೊಂದು ಭಯವಿದೆ, ಅದು ತೈವಾನ್, ಚೀನಾ ಅದರ ಮೇಲೆ ಎರಗೀತೆಂದು. ಅಲ್ಲಿ ದುಡಿಯುವ ಅವರವರು ಸುಮಾರು ಒಂದೂವರೆ ಲಕ್ಷ, ಹೆಚ್ಚಿನವರು ಕಾರ್ಖಾನೆಗಳಲ್ಲಿ. ಫಿಲಿಪ್ಪೀನ್ಸಿನ ಉತ್ತರದ ತುದಿಯ ದ್ವೀಪಗಳಿಂದ ತೈವಾನ್ ಇನ್ನೂರು ಕಿಲೋಮೀಟರೂ ಇಲ್ಲ. ಅಮೆರಿಕದ ಸೇನೆಗೆ ಬಳಸಲು ಕೊಟ್ಟ ಒಂಬತ್ತು ನೆಲೆಗಳಲ್ಲಿ ಮೂರು ಆ ಉತ್ತರದ ಕಡೆಯೇ ಇವೆ. 2025ರ ಏಪ್ರಿಲಿನಲ್ಲಿ ಅವರ ಸೇನಾ ಮುಖ್ಯಸ್ಥ ರೋಮಿಯೊ ಬ್ರಾನರ್, ತೈವಾನಿನಲ್ಲಿ ಏನಾದರೂ ಆದರೆ ನಮ್ಮ ಕೆಲಸಗಾರರನ್ನು ಕರೆತರಲು ಸಜ್ಜಾಗಿ ಎಂದು ಸೈನಿಕರಿಗೆ ಬಹಿರಂಗವಾಗಿಯೇ ಹೇಳಿದರು. ಅಮೆರಿಕದ ಅಧ್ಯಕ್ಷರು ಫಿಲಿಪ್ಪೀನ್ಸ್ ಜೊತೆಗಿನ 1951ರ ರಕ್ಷಣಾ ಒಪ್ಪಂದಕ್ಕೆ ಎಷ್ಟು ಬದ್ಧರು ಎಂಬುದು ಆ ಮನೆಗಳಿಗೆ ರಾಜಕೀಯ ಚರ್ಚೆಯಲ್ಲ, ಮಗಳ ಪ್ರಾಣದ ಪ್ರಶ್ನೆ. ಊಟದ ಹೊತ್ತಿನ ಆ ಮಾತುಗಳಲ್ಲಿ ಇದೂ ಇರುತ್ತದೆ.

ಹಾಗಾಗಿ ಅಮೆರಿಕದ ಆಸೆ ಬಿಡಬೇಕಿಲ್ಲ. ದೋಹಾದಲ್ಲಿ ಈ ವಾರವೇ ಮಾಡಬೇಕಾದದ್ದು ಬೇರೆ ಇದೆ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ, ಮಾಲೀಕರು ಇಟ್ಟುಕೊಳ್ಳುವುದನ್ನು ಕತಾರಿನ ಕಾನೂನು ಒಪ್ಪುವುದಿಲ್ಲ. ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ, ತೊಂದರೆಯಾದರೆ ದೂರಿಗೆ 'ಮದದ್' ತಾಣವಿದೆ. ಮನೆಗೆ ಕಳಿಸುವ ಹಣದಲ್ಲಿ ಎರಡು ತಿಂಗಳ ಖರ್ಚಿನಷ್ಟನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ, ಒಂದು ಪಾಲು ನಗದಾಗಿ, ಏಕೆಂದರೆ ಗಲಾಟೆಯ ದಿನ ಟಿಕೆಟ್ ದರ ಏರುತ್ತದೆ, ಎಟಿಎಂ ಖಾಲಿಯಾಗುತ್ತದೆ. ಮಾತ್ರೆ ತಿನ್ನುವವರಾದರೆ ಒಂದು ತಿಂಗಳದ್ದು ಚೀಲದಲ್ಲಿರಲಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಕ್ಯೂಐಡಿಯ ಎರಡೂ ಬದಿ, ಕೆಲಸದ ಒಪ್ಪಂದ, ನರ್ಸಿಂಗ್ ನೋಂದಣಿ, ತಮ್ಮ ಕಳಿಸುವ ಹಡಗಿನ ವಿಮೆಯ ಫೋಟೊ, ಇಷ್ಟನ್ನೂ ಅಮ್ಮನ ಫೋನಿಗೆ ಕಳಿಸಿ. ಕಳಿಸಿದ ಮೇಲೆ ಅಮ್ಮನಿಗೆ ಕರೆ ಮಾಡಿ, ಅವು ಅಲ್ಲಿ ಎಲ್ಲಿವೆ, ಹೇಗೆ ತೆರೆಯುವುದು ಎಂದು ಒಮ್ಮೆ ಅವರ ಕೈಯಲ್ಲೇ ಮಾಡಿಸಿ ನೋಡಿ.